ಹ್ಯಾಂಗ್ ಫೈರ್ ಅಂದರೆ ಸುಮ್ನೆ ಕೂರುವುದಲ್ಲ

ಇಂಗ್ಲಿಷ್ ಪತ್ರಿಕೆಗಳಲ್ಲಿ ಒಂದು ಮಾತು ಪದೇ ಪದೇ ಬರುತ್ತದೆ. ಯಾವುದೋ ಮೇಲ್ಸೇತುವೆ ಕೆಲಸ ‘ಹ್ಯಾಂಗಿಂಗ್ ಫೈರ್’. ಶಿಕ್ಷಕರ ನೇಮಕಾತಿ ‘ಹ್ಯಾಂಗಿಂಗ್ ಫೈರ್’. ಬಡ್ತಿ ಪಟ್ಟಿಯೂ ಅಷ್ಟೇ. ಓದಿದವರಿಗೆ ಹೊಳೆಯುವ ಅರ್ಥ ಒಂದೇ. ಕಡತ ಎಲ್ಲೋ ಧೂಳು ತಿನ್ನುತ್ತಾ ಬಿದ್ದಿದೆ, ಸದ್ಯಕ್ಕೆ ಏನೂ ಆಗುವುದಿಲ್ಲ. ನಾನು ಪಿಯು ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡುತ್ತೇನೆ. ಮಕ್ಕಳು ತರುವ ಗೈಡುಗಳಲ್ಲೂ ‘ವಿಳಂಬವಾಗು’ ಅಂತ ಒಂದು ಪದ ಬರೆದು ಕೈ ತೊಳೆದುಕೊಂಡಿರುತ್ತಾರೆ.

ಕೋವಿ ಹಿಡಿದು ಗೊತ್ತಿದ್ದವರಿಗೆ ಮಾತ್ರ ಈ ಮಾತು ಕೇಳಿದರೆ ಮೈ ಜುಮ್ ಅನ್ನುತ್ತದೆ. ಕುದುರೆ, ಅಂದರೆ ಟ್ರಿಗರ್, ಎಳೆದಾಯಿತು. ಒಳಗೆ ಟಕ್ ಅಂತ ಸದ್ದೂ ಬಂತು. ಗುಂಡು ಹಾರಲಿಲ್ಲ. ತೋಟಾ ಕೆಟ್ಟು ಠುಸ್ ಅಂದಿರಬಹುದು. ಅಥವಾ ಕಿಡಿ ಹತ್ತಿದ್ದರೂ ಮದ್ದು ಇನ್ನೂ ಪೂರ್ತಿ ಹೊತ್ತಿಕೊಂಡಿಲ್ಲದೆ ಇರಬಹುದು. ಇನ್ನೊಂದು ಉಸಿರಿನಲ್ಲಿ ಢಂ ಅನ್ನಬಹುದು. ಆಗ ನಳಿಗೆಯನ್ನು ಗುರಿಯ ಕಡೆಗೇ ಹಿಡಿದುಕೊಂಡು ಕಾಯಬೇಕು. ಏನಾಯ್ತು ಅಂತ ತಿರುಗಿಸಿ ನೋಡಬಾರದು. ಬೋಲ್ಟ್ ತೆಗೆಯಲು ಅವಸರ ಮಾಡಬಾರದು. ಹ್ಯಾಂಗ್ ಫೈರ್ ಅಂದರೆ ಇದು. ಇಡೀ ರೇಂಜಿನಲ್ಲಿ, ಅಂದರೆ ಗುರಿ ಹೊಡೆಯುವ ಅಭ್ಯಾಸದ ಜಾಗದಲ್ಲಿ, ಎಲ್ಲರೂ ಅತಿ ಎಚ್ಚರದಿಂದ ಇರುವ ಹೊತ್ತು.

ಇದನ್ನು ನನಗೆ ಇಷ್ಟು ಬಿಡಿಸಿ ಹೇಳಿದವರು ನಮ್ಮ ರೇಂಜಿನ ಅಂಕಲ್. ಕೊಡಗಿನವರು. ಸೇನೆಯಲ್ಲಿ ಸುಬೇದಾರ್ ಆಗಿದ್ದು ನಿವೃತ್ತರಾಗಿ ಮೈಸೂರಿನಲ್ಲಿ ಮನೆ ಮಾಡಿದ್ದಾರೆ. ಭಾನುವಾರ ಬೆಳಿಗ್ಗೆ ನಾನು ಏರ್ ಪಿಸ್ತೂಲು ಹಿಡಿದು ನಿಂತರೆ, ಪಕ್ಕದ ಲೇನಿನಲ್ಲಿ ಅವರು ಏರ್ ರೈಫಲ್ ಹಿಡಿದಿರುತ್ತಾರೆ. ಬೆನ್ನು ಇನ್ನೂ ಪೆರೇಡ್ ಮೈದಾನದಲ್ಲೇ ಇದ್ದ ಹಾಗೆ ನೆಟ್ಟಗೆ. ನನ್ನನ್ನು ಟೀಚರಮ್ಮ ಅಂತಾರೆ. ನಮ್ಮಿಬ್ಬರ ನಡುವೆ ಬಹಳ ದಿನದಿಂದ ಒಂದು ಜಗಳ ನಡೆಯುತ್ತಾ ಇದೆ. ಜಗಳ ಅಂದರೆ ಪ್ರೀತಿಯ ಜಗಳ.

“ಇಂಗ್ಲಿಷ್ ಬೆಳೆದಿದ್ದೇ ಬ್ಯಾರಕ್ಕಿನಲ್ಲಿ ಟೀಚರಮ್ಮ. ನೀವು ಕಾಲೇಜಲ್ಲಿ ಪಾಠ ಮಾಡೋದು ನಮ್ಮ ಭಾಷೆ” ಅನ್ನೋದು ಅವರ ವಾದ. ಅರ್ಧ ಮಾತು ಕೋವಿಗಿಂತ ಮುಂಚೆಯೇ ಇತ್ತು, ಬಿಲ್ಲಿನವರ ಮನೆಯಿಂದ ಬಂದಿದ್ದು ಅನ್ನೋದು ನನ್ನ ವಾದ. ಇದಕ್ಕೆ ಒಂದು ಕಟ್ಟುಪಾಡು ಮಾಡಿಕೊಂಡಿದ್ದೇವೆ. ಒಂದು ನುಡಿಗಟ್ಟು ಕೋವಿಯಿಂದ ಬಂತು ಅಂತ ಹೇಳಿದವರು ಅದನ್ನು ಕೋವಿಯಲ್ಲೇ ತೋರಿಸಬೇಕು. ಇಲ್ಲದಿದ್ದರೆ ಇಸವಿ ಸಮೇತ ಹಳೆಯ ಬರಹ ತೋರಿಸಬೇಕು. ವಾಟ್ಸಾಪಿನಲ್ಲಿ ಬಂತು ಅನ್ನೋದು ನಡೆಯುವುದಿಲ್ಲ. ಸೋತವರು ಎಲ್ಲರಿಗೂ ಕಾಫಿ ಕೊಡಿಸಬೇಕು.

ಅಂಕಲ್ ಸುಲಭವಾಗಿ ಗೆಲ್ಲುವುದು ಹಳೆಯ ಚಕಮಕಿ ಬಂದೂಕಿನ ವಿಷಯದಲ್ಲಿ. ‘ಲಾಕ್, ಸ್ಟಾಕ್ ಅಂಡ್ ಬ್ಯಾರೆಲ್’ ಅಂದರೆ ಒಂದೂ ಬಿಡದೆ ಎಲ್ಲವನ್ನೂ ಅಂತ ಮಕ್ಕಳು ಬಾಯಿಪಾಠ ಮಾಡಿರುತ್ತಾರೆ. ಲಾಕ್ ಅಂದರೆ ಬೀಗ ಅಂತಲೇ ಎಷ್ಟೋ ಜನ ಅಂದುಕೊಂಡಿದ್ದಾರೆ, ಅಂಗಡಿಗೆ ಬೀಗ ಹಾಕಿ ಸರಕನ್ನೆಲ್ಲ ಎತ್ತಿಕೊಂಡು ಹೋದ ಹಾಗೆ. ಇಲ್ಲಿ ಲಾಕ್ ಅಂದರೆ ಕಿಡಿ ಹುಟ್ಟಿಸುವ ಯಂತ್ರಭಾಗ. ಸ್ಟಾಕ್ ಅಂದರೆ ಮರದ ಹಿಡಿ ಮತ್ತು ಬುಡ. ಬ್ಯಾರೆಲ್ ನಳಿಗೆ. ಈ ಮೂರು ಸೇರಿದರೆ ಒಂದು ಬಂದೂಕು ಪೂರ್ತಿ ಆಯ್ತು. ನಾಲ್ಕನೆಯದು ಬೇಕಾಗಿಯೇ ಇಲ್ಲ.

‘ಫ್ಲ್ಯಾಷ್ ಇನ್ ದ ಪ್ಯಾನ್’ ಹೇಳಿಕೊಡುವಾಗ ಅವರು ನಿಜಕ್ಕೂ ಮೇಷ್ಟ್ರಾಗಿಬಿಟ್ಟರು. ಮೇಜಿನ ಮೇಲೆ ಸೋಡಾ ಬಾಟಲಿಯ ಮುಚ್ಚಳ ಅಂಗಾತ ಇಟ್ಟರು. ಅದರ ಪಕ್ಕಕ್ಕೆ ರೀಫಿಲ್ ತೆಗೆದ ಬಾಲ್ ಪೆನ್ನಿನ ಕೊಳವೆ. ಮುಚ್ಚಳವೇ ಪ್ಯಾನ್, ಅಂದರೆ ಬಂದೂಕಿನ ಹೊರಮೈಗೆ ಅಂಟಿಕೊಂಡ ಪುಟ್ಟ ಬಟ್ಟಲು. ಕೊಳವೆ ನಳಿಗೆ. ನಡುವೆ ಒಂದು ಸಣ್ಣ ತೂತು. ನಳಿಗೆಯೊಳಗೆ ಮದ್ದು ಮತ್ತು ಗುಂಡು ಜಡಿದಿರುತ್ತಾರೆ. ಬಟ್ಟಲಿನಲ್ಲಿ ಒಂದು ಚಿಟಿಕೆ ನುಣ್ಣನೆಯ ಮದ್ದು. ಕುದುರೆ ಎಳೆದಾಗ ಚಕಮಕಿ ಕಲ್ಲು ಉಕ್ಕಿನ ತಗಡಿಗೆ ಉಜ್ಜಿ ಕಿಡಿ ಬೀಳುತ್ತದೆ. ಬಟ್ಟಲಿನ ಮದ್ದು ಭಗ್ ಅನ್ನುತ್ತದೆ. ಆ ಬೆಂಕಿ ತೂತಿನ ಮೂಲಕ ಒಳಗೆ ಹೋದರೆ ಗುಂಡು ಹಾರುತ್ತದೆ. ತೂತು ಕಟ್ಟಿಕೊಂಡಿದ್ದರೆ ಬೆಳಕು, ಹೊಗೆ ಎಲ್ಲಾ ಬಟ್ಟಲಿನಲ್ಲೇ ಮುಗಿದುಹೋಗುತ್ತದೆ. ಒಳಗಿನ ಗುಂಡು ಇದ್ದಲ್ಲೇ ಇರುತ್ತದೆ.

ನಾನು ಆಗ ಒಂದು ಮಾತು ಎತ್ತಿದೆ. ನಮ್ಮಲ್ಲಿ ಇದಕ್ಕೆ ಠುಸ್ ಪಟಾಕಿ ಅಂತಾರಲ್ಲ ಅಂಕಲ್, ಅಷ್ಟೇ ಅಲ್ವಾ? ಅವರು ಒಪ್ಪಲಿಲ್ಲ. ಠುಸ್ ಪಟಾಕಿ ಏನನ್ನೂ ತೋರಿಸೋದಿಲ್ಲ. ಇದು ಹಾಗಲ್ಲ. ಮುಖದ ಹತ್ತಿರವೇ ಜಗ್ ಅಂತ ಬೆಳಕು ಬರುತ್ತದೆ, ಎದುರಿನವನು ಹೆದರುತ್ತಾನೆ, ಹೊಡೆದವನಿಗೂ ಹೊಡೆದೆ ಅಂತ ಅನಿಸುತ್ತದೆ. ಮೊದಲ ಸಿನಿಮಾದಲ್ಲಿ ಊರೆಲ್ಲ ಮಾತಾಡಿಸಿ ಆಮೇಲೆ ಕಾಣೆಯಾದ ನಟನಿಗೆ ಫ್ಲ್ಯಾಷ್ ಇನ್ ದ ಪ್ಯಾನ್ ಸರಿ. ಮೊದಲ ದಿನವೇ ಖಾಲಿ ಹೊಡೆದ ಸಿನಿಮಾಕ್ಕೆ ಠುಸ್ ಪಟಾಕಿ ಸರಿ. ಕಾಫಿ ನಾನೇ ಕೊಡಿಸಿದೆ. ಮಾರನೆಯ ದಿನ ಕ್ಲಾಸಿನಲ್ಲಿ ಮುಚ್ಚಳ ಮತ್ತು ಪೆನ್ನಿನ ಕೊಳವೆ ಇಟ್ಟುಕೊಂಡೇ ಪಾಠ ಮಾಡಿದೆ. ಹಿಂದಿನ ಬೆಂಚಿನವರೂ ಎದ್ದು ಬಂದು ನೋಡಿದರು.

ಅದೇ ಬಂದೂಕಿನಲ್ಲಿ ‘ಹಾಫ್ ಕಾಕ್’ ಕೂಡ ಇದೆ. ಸುತ್ತಿಗೆಯನ್ನು ಅರ್ಧಕ್ಕೆ ಎಳೆದು ನಿಲ್ಲಿಸುವ ಕಚ್ಚು. ಮದ್ದು ತುಂಬುವಾಗ ಕೈಗೆ ಸುರಕ್ಷೆ ಇರಲಿ ಅಂತ ಮಾಡಿದ್ದು. ಅರ್ಧಕ್ಕೆ ನಿಂತಾಗ ಹಾರಬಾರದು. ಹಾರಿತು ಅಂದರೆ ಗುರಿಯೂ ಇಲ್ಲ, ಹೊಡೆಯುವವನು ತಯಾರೂ ಇಲ್ಲ. ಪೂರ್ತಿ ಯೋಚನೆ ಮಾಡದೆ ಬಾಯಿ ಬಿಡುವವರಿಗೆ ಇಂಗ್ಲಿಷಿನವರು ಈ ಮಾತು ಹೇಳುವುದು ಅದಕ್ಕೇ.

ಈ ಬಟ್ಟಲಿನ ಕಥೆಗೆ ಮುಕ್ತಾಯ ಹಾಡಿದವರು ಒಬ್ಬ ಪಾದ್ರಿ ಅನ್ನೋದು ನನಗೆ ತುಂಬಾ ಇಷ್ಟವಾದ ಸಂಗತಿ. ಸ್ಕಾಟ್ಲೆಂಡಿನ ಅಬರ್ಡೀನ್ ಸೀಮೆಯ ಅಲೆಕ್ಸಾಂಡರ್ ಫೋರ್ಸೈತ್. ಅವರಿಗೆ ಹಕ್ಕಿ ಬೇಟೆಯ ಹುಚ್ಚು. ಬಟ್ಟಲಿನಲ್ಲಿ ಬೆಳಕು ಕಂಡ ಕೂಡಲೇ, ಗುಂಡು ಬರುವ ಮೊದಲೇ, ಹಕ್ಕಿ ಹಾರಿಹೋಗುತ್ತಿತ್ತು. ಪೆಟ್ಟು ಬಿದ್ದರೆ ಸಿಡಿಯುವ ಪುಡಿಯನ್ನು ಬಳಸಿ, ಬಟ್ಟಲೇ ಬೇಡದ ಲಾಕ್ ಮಾಡಿ 1807ರಲ್ಲಿ ಪೇಟೆಂಟ್ ತೆಗೆದುಕೊಂಡರು. ಅದೇ ದಾರಿಯಲ್ಲಿ ಮುಂದೆ ತಾಮ್ರದ ಪುಟ್ಟ ಟೋಪಿ ಬಂತು. ನಮ್ಮ ಮಲೆನಾಡು, ಕೊಡಗಿನವರು ಕೇಪಿನ ಕೋವಿ ಅನ್ನುತ್ತಾರಲ್ಲ, ಆ ಕೇಪು ಅದೇ.

ಕೈಲ್ ಪೋಳ್ದ್ ಹಬ್ಬಕ್ಕೆ ಅಂಕಲ್ ತಮ್ಮ ಐನ್ ಮನೆಗೆ, ಅಂದರೆ ಕುಟುಂಬದ ಮೂಲ ಮನೆಗೆ, ನಮ್ಮನ್ನು ಕರೆದಿದ್ದರು. ನಾಟಿ ಕೆಲಸ ಮುಗಿದ ಮೇಲೆ, ಸೆಪ್ಟೆಂಬರ್ ಮೊದಲ ವಾರದಲ್ಲಿ ಬರುವ ಆಯುಧ ಪೂಜೆ ಅದು. ಕೋವಿಗಳನ್ನು ಒರೆಸಿ ಸಾಲಾಗಿ ಇಟ್ಟಿದ್ದರು. ನಳಿಗೆಯ ಬಾಯಿಗೆ ಕೆಂಪು ಹಳದಿ ಎಸಳಿನ ತೋಕ್ ಪೂ ಸಿಕ್ಕಿಸಿದ್ದರು. ಕೊಡವ ಭಾಷೆಯಲ್ಲಿ ತೋಕ್ ಅಂದರೆ ಕೋವಿ. ಹೂವಿನ ಹೆಸರೇ ಕೋವಿ ಹೂ. ಕೊಡವರಿಗೂ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ಬ್ರಿಟಿಷರ ಕಾಲದಿಂದಲೇ ವಿನಾಯಿತಿ ಇದೆ. ಹಾಗಾಗಿ ಅಲ್ಲಿ ಕೋವಿ ಮನೆಯ ಒಬ್ಬ ಸದಸ್ಯ ಅನ್ನುವಷ್ಟು ಸಹಜ. ಆ ಸಾಲಿನಲ್ಲಿ ಒಂದು ಕೇಪಿನ ಕೋವಿ ಇತ್ತು, ಈಗ ಬಳಕೆಯಲ್ಲಿ ಇಲ್ಲದ್ದು. ಅಂಕಲ್ ಅದರ ಸುತ್ತಿಗೆಯನ್ನು ಎಳೆದು ಅರ್ಧಕ್ಕೆ ನಿಲ್ಲಿಸಿ ತೋರಿಸಿದರು. ಕ್ಲಿಕ್. ಇನ್ನೂ ಎಳೆದರೆ ಇನ್ನೊಂದು ಕ್ಲಿಕ್. ಹಾಫ್ ಕಾಕ್ ಅನ್ನುವ ನುಡಿಗಟ್ಟನ್ನು ನಾನು ಕಿವಿಯಲ್ಲಿ ಕೇಳಿದೆ. ನಳಿಗೆಯ ಕೆಳಗೆ ಒಂದು ಉದ್ದನೆಯ ಸರಳು ಇತ್ತು, ಮದ್ದು ಗುಂಡು ಜಡಿಯುವ ಗಜ. ‘ರಾಮ್‌ರಾಡ್ ಸ್ಟ್ರೇಟ್’ ಅಂತ ಇಂಗ್ಲಿಷಿನಲ್ಲಿ ನೆಟ್ಟಗೆ ನಿಂತವರಿಗೆ ಹೇಳುತ್ತಾರಲ್ಲ, ಆ ರಾಮ್‌ರಾಡ್ ಇದೇ. ಅಂಕಲ್‌ನ ತಮ್ಮ ಅಂಕಲ್‌ನ ಬೆನ್ನಿನ ಪಕ್ಕಕ್ಕೆ ಅದನ್ನು ಹಿಡಿದು ತೋರಿಸಿ ಎಲ್ಲರನ್ನೂ ನಗಿಸಿದರು.

ಊಟಕ್ಕೆ ಮುಂಚೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಎತ್ತರದ ಮರಕ್ಕೆ ಕಾಯಿ ಕಟ್ಟಿದ್ದರು. ಗಾಳಿಗೆ ಅದು ಅಲ್ಲಾಡುತ್ತದೆ. ಮಳೆ ಹನಿ ಬೇರೆ. ‘ಕೀಪ್ ಯುವರ್ ಪೌಡರ್ ಡ್ರೈ’ ಅನ್ನುವ ಮಾತಿನ ತೂಕ ಕೊಡಗಿನ ಮಳೆಯಲ್ಲಿ ನಿಂತರೆ ಗೊತ್ತಾಗುತ್ತದೆ. ಇದನ್ನು ಇಂಗ್ಲೆಂಡಿನ ಆಲಿವರ್ ಕ್ರಾಮ್‌ವೆಲ್ ಹೊಳೆ ದಾಟುವಾಗ ಸೈನಿಕರಿಗೆ ಹೇಳಿದ ಅಂತ ಹೇಳುತ್ತಾರೆ. ಆದರೆ ಆ ಮಾತು ಅವನ ಹೆಸರಿನಲ್ಲಿ ಅಚ್ಚಾಗಿದ್ದು 1834ರ ಒಂದು ಪದ್ಯದಲ್ಲಿ, ಅವನು ಸತ್ತು 170 ವರ್ಷ ದಾಟಿದ ಮೇಲೆ. ಈ ಇಸವಿ ತೋರಿಸಿದಾಗ ಅಂಕಲ್ ಬೇಜಾರು ಮಾಡಿಕೊಂಡರು. “ಕ್ರಾಮ್‌ವೆಲ್ ಹೇಳದಿದ್ದರೆ ಬೇಡ, ನಮ್ಮ ಅಜ್ಜ ದಿನಾ ಹೇಳ್ತಿದ್ರು. ಮದ್ದು ಒಲೆ ಮೇಲಿನ ಅಟ್ಟದಿಂದ ದೂರ ಇಡಿ, ಒದ್ದೆ ಗೋಡೆಯಿಂದಲೂ ದೂರ ಇಡಿ ಅಂತ.” ಆ ಸುತ್ತನ್ನು ಸಮ ಅಂತ ಬಿಟ್ಟೆವು.

ಬಿಲ್ಲಿನ ಕಡೆಗೆ ಬಂದರೆ ನನ್ನ ಕೈ ಮೇಲು. ‘ಅಪ್‌ಶಾಟ್’ ಅಂದರೆ ಕೊನೆಗೆ ಆದ ಫಲ. ಮೀಟಿಂಗ್ ವರದಿಗಳಲ್ಲಿ ಸಿಕ್ಕಾಪಟ್ಟೆ ಬಳಸುತ್ತಾರೆ. ಅದು ಬಿಲ್ಲುಗಾರಿಕೆಯ ಪಂದ್ಯದಲ್ಲಿ ಬಿಡುತ್ತಿದ್ದ ಕೊನೆಯ ಬಾಣದ ಹೆಸರು. ‘ಟಾರ್ಗೆಟ್’ ಅಂತೂ ಮೊದಲಿಗೆ ಗುರಿಯೇ ಅಲ್ಲ. ಕೈಯಲ್ಲಿ ಹಿಡಿಯುವ ದುಂಡನೆಯ ಸಣ್ಣ ಗುರಾಣಿ. 18ನೇ ಶತಮಾನಕ್ಕೆ ಬಂದಾಗ ಬಾಣ ಬಿಡುವ ದುಂಡು ಹಲಗೆಗೆ ಆ ಹೆಸರು ಅಂಟಿತು. ಈಗ ಬ್ಯಾಂಕು, ವಿಮೆ, ಔಷಧಿ ಮಾರುವ ಹುಡುಗರು ತಿಂಗಳ ಕೊನೆಯಲ್ಲಿ ಟಾರ್ಗೆಟ್ ಟಾರ್ಗೆಟ್ ಅಂತ ಒದ್ದಾಡುತ್ತಾರೆ. ತಲೆ ಕಾಯುವ ವಸ್ತು ತಲೆ ತಿನ್ನುವ ವಸ್ತುವಾಯಿತು.

‘ಬಟ್’ ವಿಷಯದಲ್ಲಿ ಮಾತ್ರ ಇಬ್ಬರೂ ಒಂದೇ ಕಡೆ ಬಂದು ಸೇರಿದೆವು. ಎಲ್ಲರೂ ಸೇರಿ ಒಬ್ಬನನ್ನೇ ಗೇಲಿ ಮಾಡಿದರೆ ಅವನು ‘ಬಟ್ ಆಫ್ ದ ಜೋಕ್’. ಬೈಗುಳದ ಬಟ್ ಇದು ಅಂತ ಮಕ್ಕಳು ಕಿಸಕ್ಕನೆ ನಗುತ್ತಾರೆ. ಬಾಣ ಬಂದು ನೆಟ್ಟುಕೊಳ್ಳಲಿ ಅಂತ ಗುರಿಯ ಹಿಂದೆ ಕಟ್ಟುತ್ತಿದ್ದ ಮಣ್ಣಿನ ದಿಬ್ಬಕ್ಕೆ ಬಟ್ ಅಂತ ಹೆಸರು. ಎಲ್ಲರ ಬಾಣವೂ ಅದಕ್ಕೇ. ಬಿಲ್ಲು ಹೋಗಿ ಬಂದೂಕು ಬಂದರೂ ದಿಬ್ಬವೂ ಉಳಿಯಿತು, ಹೆಸರೂ ಉಳಿಯಿತು. ಕಾಲೇಜಿನಲ್ಲಿ ಎನ್‌ಸಿಸಿ ಕ್ಯಾಂಪಿಗೆ ಹೋದವರಿಗೆ ಬಟ್ ಪಾರ್ಟಿ ನೆನಪಿರುತ್ತದೆ. ಗುರಿಯ ಹಲಗೆ ಏರಿಸಿ ಇಳಿಸಿ, ತೂತಿಗೆ ಕಾಗದ ಅಂಟಿಸುವ ಗುಂಪು. ನಮ್ಮ ಕ್ಯಾಂಪಿನಲ್ಲಿ ಪಾಯಿಂಟ್ ಟೂ ಟೂ ರೈಫಲಿನ ಫೈರಿಂಗ್ ದಿನ ಬಟ್ ಪಾರ್ಟಿಗೆ ಹಾಕಿದರೆ ಹುಡುಗಿಯರು ಮುಖ ಊದಿಸಿಕೊಳ್ಳುತ್ತಿದ್ದರು. ನನಗೆ ಆ ಕೆಲಸ ಇಷ್ಟವಾಗಿತ್ತು. ಯಾರ ಗುಂಡು ಎಲ್ಲಿ ಬಿದ್ದಿದೆ ಅಂತ ಮೊದಲು ಕಾಣುವುದು ಅಂಟು ಹಚ್ಚುವವರಿಗೇ. ಅಂದಹಾಗೆ ಫೈರಿಂಗ್ ರೇಂಜಿಗೆ ಸೈನ್ಯದ ಹಿಂದಿಯಲ್ಲಿ ಚಾಂದ್‌ಮಾರಿ ಅಂತಾರೆ. ಚಾಂದ್ ಅಂದರೆ ಚಂದ್ರ, ಗುರಿಯ ಹಲಗೆ ಮೇಲಿನ ದುಂಡನೆಯ ಗುರುತು. ಚಂದ್ರನಿಗೆ ಹೊಡೆಯುವ ಜಾಗ. ಗುರಿಯ ನಟ್ಟನಡುವಿಗೆ ಇಂಗ್ಲಿಷಿನವರು ಹೇಳುವ ಬುಲ್ಸ್ ಐಗಿಂತ ಇದು ಎಷ್ಟೋ ಚೆಂದ. ಹೇಗೂ ನಮ್ಮ ರೇಂಜಿನಲ್ಲಿ ಬುಲ್ಸ್ ಐ ಅಂತ ಯಾರೂ ಅನ್ನುವುದಿಲ್ಲ. ಹತ್ತು ಅಂಕದ ಆ ನಡುವಿನ ವೃತ್ತಕ್ಕೆ ಟೆನ್ ಅಂತಾರೆ, ಅಷ್ಟೇ.

ದೊಡ್ಡ ಜಗಳ ಆಗಿದ್ದು ‘ದ ಹೋಲ್ ನೈನ್ ಯಾರ್ಡ್ಸ್’ಗೆ. ಪೂರ್ತಿಯಾಗಿ, ಏನೂ ಉಳಿಸದೆ ಅಂತ ಅರ್ಥ. ಎರಡನೇ ಮಹಾಯುದ್ಧದ ವಿಮಾನಗಳಲ್ಲಿ ಮೆಷಿನ್ ಗನ್ನಿನ ಗುಂಡಿನ ಪಟ್ಟಿ 27 ಅಡಿ ಇತ್ತು, ಪೂರ್ತಿ ಪಟ್ಟಿ ಶತ್ರುವಿನ ಮೇಲೆ ಸುರಿದರೆ ಒಂಬತ್ತು ಗಜ ಕೊಟ್ಟ ಹಾಗೆ. ಇದು ಅಂಕಲ್ ಪಕ್ಷದ ಕಥೆ. ಕೇಳಲು ಎಷ್ಟು ಸೊಗಸಾಗಿದೆ ಅಲ್ವಾ? ಇಂಟರ್ನೆಟ್ಟಿನ ತುಂಬಾ ಇದೇ ಇದೆ. ನಾನು ಒಂದೇ ಮಾತು ಕೇಳಿದೆ. ಅಂಕಲ್, ನಮ್ಮ ಅಜ್ಜಿ ದಿನಾ ಬೆಳಿಗ್ಗೆ ಒಂಬತ್ತು ಗಜ ಉಡುತ್ತಿದ್ದರು, ಅವರೇನು ಯುದ್ಧಕ್ಕೆ ಹೋಗುತ್ತಿದ್ದರಾ?

ಆಮೇಲೆ ಕೂತು ಹುಡುಕಿದೆ. ಈ ನುಡಿಗಟ್ಟಿನ ಬೆನ್ನು ಹತ್ತಿದವರು ಅಮೆರಿಕದ ಹಳೆಯ ಪತ್ರಿಕೆಗಳನ್ನು ಜಾಲಾಡಿ, 1912ರಲ್ಲಿ ಕೆಂಟಕಿ ರಾಜ್ಯದ ಒಂದು ಪತ್ರಿಕೆಯಲ್ಲಿ ‘ಹೋಲ್ ಸಿಕ್ಸ್ ಯಾರ್ಡ್ಸ್’ ಅಂತ ಇರುವುದನ್ನು ಕಂಡುಹಿಡಿದಿದ್ದಾರೆ. ಒಂಬತ್ತಲ್ಲ, ಆರು. ಎರಡನೇ ಮಹಾಯುದ್ಧ ಶುರುವಾಗಿದ್ದು 1939ರಲ್ಲಿ. ಮೊದಲನೆಯದೇ 1914ರಲ್ಲಿ. ಅಲ್ಲಿಗೆ ಮೆಷಿನ್ ಗನ್ನಿನ ಕಥೆ ಬಿದ್ದುಹೋಯಿತು. ಅಳತೆ ಯಾವ ವಸ್ತುವಿನದ್ದೂ ಅಲ್ಲ, ಮಾತಿನ ಓಘಕ್ಕೆ ಬೆಳೆದ ಸಂಖ್ಯೆ ಅನ್ನಿಸುತ್ತದೆ. ಪ್ರಿಂಟ್ ಔಟ್ ತೆಗೆದುಕೊಂಡು ಹೋಗಿ ಅಂಕಲ್ ಮುಂದೆ ಇಟ್ಟೆ. ಕನ್ನಡಕ ಏರಿಸಿ ಪೂರ್ತಿ ಓದಿದರು. “ಆರು ಗಜ ಈಗಿನ ಸೀರೆ, ಒಂಬತ್ತು ಗಜ ಅಜ್ಜಿ ಸೀರೆ. ಹಾಗಾದ್ರೆ ಇದು ಬ್ಯಾರಕ್ಕಿನ ಮಾತಲ್ಲ ಬಿಡಿ, ನಿಮ್ಮ ಮನೆ ಮಾತು” ಅಂದರು. ಆವತ್ತು ಕಾಫಿಯ ಜೊತೆ ಮದ್ದೂರು ವಡೆಯೂ ಬಂತು.

ಇಂಥ ಕಟ್ಟುಕಥೆಗಳನ್ನು ಸುಮ್ನೆ ಹಂಚಬಾರದು ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ನಿಜವಾದ ಕಥೆಗಳೇ ಬೇಕಾದಷ್ಟು ಇವೆ. ‘ಸ್ನೈಪರ್’ ತಗೊಳ್ಳಿ. ಸ್ನೈಪ್ ಅನ್ನೋದು ಒಂದು ಹಕ್ಕಿ. ಉದ್ದ ಕೊಕ್ಕು, ಕೆಸರಿನ ಬಣ್ಣ. ಚಳಿಗಾಲಕ್ಕೆ ಉತ್ತರದಿಂದ ವಲಸೆ ಬಂದು ನಮ್ಮ ಭತ್ತದ ಗದ್ದೆ, ಕೆರೆಯಂಚಿನಲ್ಲಿ ಇಳಿಯುತ್ತದೆ. ಕಾಲಡಿಗೆ ಬರುವವರೆಗೂ ಕಾಣುವುದಿಲ್ಲ. ಹಾರಿದರೆ ಎಡಕ್ಕೆ ಬಲಕ್ಕೆ ಓಲಾಡುತ್ತಾ ಹಾರುತ್ತದೆ. ಅದನ್ನು ಹೊಡೆಯಬೇಕಾದರೆ ಕೈ ಎಷ್ಟು ಚುರುಕಿರಬೇಕು! 1770ರ ದಶಕದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯದವರು ಈ ಬೇಟೆಗೆ ಸ್ನೈಪಿಂಗ್ ಅಂತ ಹೆಸರಿಟ್ಟರು. ಮುಂದೆ ಅದೇ ಅಡಗಿ ಕೂತು ಒಬ್ಬೊಬ್ಬರನ್ನೇ ಹೊಡೆಯುವ ಸೈನಿಕನ ಹೆಸರಾಯಿತು. ಲೋಕದ ಎಲ್ಲಾ ಯುದ್ಧ ಸಿನಿಮಾಗಳಲ್ಲಿ ಕೇಳುವ ಪದ ಈ ದೇಶದ ಕೆಸರಿನಿಂದ ಎದ್ದು ಹೋಗಿದ್ದು. ಈಗ ಆ ಹಕ್ಕಿಯನ್ನು ಕ್ಯಾಮೆರಾದಲ್ಲಿ ಹೊಡೆಯುವವರೇ ಜಾಸ್ತಿ, ಅದೇ ಒಳ್ಳೆಯದು.

ಅಂಕಲ್ ಇದಕ್ಕೆ ಪ್ರತಿಯಾಗಿ ಹುಕುಂದಾರ್ ಕೊಟ್ಟರು. ರಾತ್ರಿ ಕಾವಲಿನ ಸಿಪಾಯಿ ಕತ್ತಲಲ್ಲಿ ಯಾರಾದರೂ ಬಂದರೆ “ಹುಕುಂದಾರ್!” ಅಂತ ಕೂಗುತ್ತಿದ್ದ. ಹುಕುಂ ಕೊಡುವ ಯಾವನೋ ದೊಡ್ಡ ಅಧಿಕಾರಿಯ ಹೆಸರು ಇರಬೇಕು ಅನ್ನಿಸುತ್ತದೆ. ಬ್ರಿಟಿಷರ ಕಾವಲುಗಾರರ ‘ಹೂ ಕಮ್ಸ್ ದೇರ್’ ನಮ್ಮ ಸಿಪಾಯಿಗಳ ಬಾಯಲ್ಲಿ ಹಾಗಾಯಿತು. ಇಂಗ್ಲಿಷಿನ ಒಂದು ಪ್ರಶ್ನೆ ಪೂರ್ತಿಯಾಗಿ ನಮ್ಮದಾಗಿಬಿಟ್ಟ ರೀತಿ ನೋಡಿ. ಇದನ್ನು ಅವರು ರೇಂಜಿನಲ್ಲಿ ಗಂಟಲು ತೆರೆದು ಕೂಗಿ ತೋರಿಸಿದರು. ಲೇನಿನಲ್ಲಿದ್ದ ಮಕ್ಕಳೆಲ್ಲ ಪಿಸ್ತೂಲು ಕೆಳಗಿಟ್ಟು ತಿರುಗಿ ನೋಡಿದರು.

ನುಡಿಗಟ್ಟುಗಳೆಲ್ಲ ರೇಂಜಿನಲ್ಲಿ ನಿಜವಾಗುತ್ತವೆ ಅಂತಲೂ ಇಲ್ಲ. ‘ಕೀಪ್ ಯುವರ್ ಐ ಆನ್ ದ ಟಾರ್ಗೆಟ್’ ಅಂತ ಪ್ರೇರಣೆ ಕೊಡುವ ಭಾಷಣಕಾರರು ಹೇಳುತ್ತಾರೆ. ಪಿಸ್ತೂಲು ಹಿಡಿದವರು ಇದನ್ನು ಪಾಲಿಸಿದರೆ ಕೆಟ್ಟಿತು. ಏರ್ ಪಿಸ್ತೂಲಿನಲ್ಲಿ ಹಿಂದೆ ಒಂದು ಕಚ್ಚು ಇರುತ್ತದೆ, ನಳಿಗೆಯ ತುದಿಯಲ್ಲಿ ಒಂದು ಚೌಕದ ಕಡ್ಡಿ. ಅದನ್ನು ಫ್ರಂಟ್ ಸೈಟ್ ಅಂತಾರೆ. ಕಚ್ಚಿನ ನಡುವೆ ಕಡ್ಡಿ ಬರಬೇಕು, ಎರಡೂ ಬದಿ ಸಮನಾಗಿ ಬೆಳಕು ಕಾಣಬೇಕು, ಎರಡರ ಮೇಲಂಚೂ ಒಂದೇ ಮಟ್ಟಕ್ಕಿರಬೇಕು. ಕಣ್ಣಿಗೆ ಒಂದು ಸಲಕ್ಕೆ ಒಂದೇ ದೂರ ಸ್ಪಷ್ಟವಾಗಿ ಕಾಣುತ್ತದೆ. ಆ ಸ್ಪಷ್ಟತೆಯನ್ನು ಫ್ರಂಟ್ ಸೈಟಿಗೆ ಕೊಡಬೇಕು. 10 ಮೀಟರ್ ಆಚೆ ಇರುವ ಗುರಿ ಮಸುಕಾಗಿ, ಕಪ್ಪು ಮೋಡದಂತೆ ಇದ್ದರೆ ಸರಿ. ಕಡ್ಡಿ ಕಚ್ಚಿನಲ್ಲಿ 1 ಮಿಲಿಮೀಟರ್ ಪಕ್ಕಕ್ಕೆ ಸರಿದರೆ, ಅಲ್ಲಿ ಪೆಲೆಟ್, ಅಂದರೆ ಏರ್ ಪಿಸ್ತೂಲಿನ ಪುಟ್ಟ ಗುಂಡು, ಸುಮಾರು 3 ಸೆಂಟಿಮೀಟರ್ ಪಕ್ಕಕ್ಕೆ ಬೀಳುತ್ತದೆ. ಕಪ್ಪು ವೃತ್ತದ ಅಂಚಿಗೆ ಹೋದ ಹಾಗೆ. ಪಿಸ್ತೂಲಿನ ಟೆನ್ ಇರುವುದೇ 11.5 ಮಿಲಿಮೀಟರ್ ಅಗಲ. ಅಂಕಲ್‌ನ ರೈಫಲಿಗೆ ಇನ್ನೂ ಕಷ್ಟ. ಅವರ ಟೆನ್ ಅರ್ಧ ಮಿಲಿಮೀಟರಿನ ಒಂದು ಚುಕ್ಕೆ. ಹೊಡೆಯುವ ಪೆಲೆಟ್ಟೇ 4.5 ಮಿಲಿಮೀಟರ್ ದಪ್ಪ.

“ಮತ್ತೆ ಅರ್ಜುನ?” ಅಂತ ಅಂಕಲ್ ಕೇಳಿದರು. ಅವರಿಗೆ ಅರ್ಜುನನ ಮೇಲೆ ವಿಶೇಷ ಗೌರವ. ದ್ರೋಣರು ಕೇಳಿದಾಗ ಅವನಿಗೆ ಮರ ಕಾಣಲಿಲ್ಲ, ಕೊಂಬೆ ಕಾಣಲಿಲ್ಲ, ಹಕ್ಕಿಯೂ ಪೂರ್ತಿ ಕಾಣಲಿಲ್ಲ. ಗುರಿ ಮಾತ್ರ ಕಂಡಿತು. ಅರ್ಜುನನ ಬಿಲ್ಲಿಗೆ ಫ್ರಂಟ್ ಸೈಟ್ ಇರಲಿಲ್ಲ ಅಂಕಲ್, ಇದ್ದಿದ್ದರೆ ದ್ರೋಣರಿಗೆ ಬೇರೆ ಉತ್ತರ ಸಿಗುತ್ತಿತ್ತು ಅಂದೆ. ಅವರು ಒಂದು ನಿಮಿಷ ಯೋಚಿಸಿ, “ಮಿಕ್ಕಿದ್ದೆಲ್ಲ ಮಸುಕಾಗಬೇಕು ಅನ್ನೋದಂತೂ ಎರಡಕ್ಕೂ ಒಂದೇ” ಅಂದರು. ಇದು ನನಗೆ ಹೊಳೆದಿರಲಿಲ್ಲ. ಆ ಅಂಕ ಅವರಿಗೇ.

‘ಪುಲ್ ದ ಟ್ರಿಗರ್’ ಕೂಡ ಹಾಗೇ. ಎಳೆದರೆ ಕೈ ಅಲ್ಲಾಡುತ್ತದೆ. ಏರ್ ಪಿಸ್ತೂಲಿನ ಟ್ರಿಗರಿಗೆ ಕನಿಷ್ಠ 500 ಗ್ರಾಂ ಒತ್ತಡ ಇರಲೇಬೇಕು ಅಂತ ನಿಯಮ. ಆ ಒತ್ತಡವನ್ನು ಬೆರಳಿನ ತುದಿ ನಿಧಾನವಾಗಿ ಕಟ್ಟುತ್ತಾ ಹೋಗಬೇಕು. ಯಾವ ಗಳಿಗೆಯಲ್ಲಿ ಹಾರಿತು ಅಂತ ಹೊಡೆದವರಿಗೇ ಸ್ವಲ್ಪ ಆಶ್ಚರ್ಯ ಆಗಬೇಕು. ಸ್ಪರ್ಧೆಯಲ್ಲಿ ಒಂದೂಕಾಲು ಗಂಟೆಗೆ 60 ಪೆಲೆಟ್. 60 ಸಲ ಅದೇ ಆಶ್ಚರ್ಯ.

ಕೊನೆಗೆ ‘ಕ್ರಾಸ್ ಫೈರ್’. ಪತ್ರಿಕೆಗಳಲ್ಲಿ ಇದು ಎರಡು ಕಡೆಯವರ ಜಗಳದ ನಡುವೆ ಸಿಕ್ಕಿಬಿದ್ದವನ ಪಾಡು. ರೇಂಜಿನಲ್ಲಿ ಇದಕ್ಕೆ ಇನ್ನೊಂದು ಅರ್ಥವೇ ಇದೆ. ನಿಮ್ಮ ಗುರಿ ಬಿಟ್ಟು ಪಕ್ಕದ ಲೇನಿನ ಗುರಿಗೆ ಹೊಡೆಯುವುದು. ಎಷ್ಟೇ ಚೆನ್ನಾಗಿ ಹೊಡೆದಿದ್ದರೂ ನಿಮ್ಮ ಲೆಕ್ಕಕ್ಕೆ ಸೊನ್ನೆ.

ಇದನ್ನು ಹೇಳುವಾಗ ಮ್ಯಾಥ್ಯೂ ಎಮನ್ಸ್ ಕಥೆ ಹೇಳದೆ ಇರಲು ನನಗೆ ಆಗುವುದಿಲ್ಲ. ಅಮೆರಿಕದ ರೈಫಲ್ ಶೂಟರ್. 2004ರ ಅಥೆನ್ಸ್ ಒಲಿಂಪಿಕ್ಸ್. 50 ಮೀಟರ್ ಪ್ರೋನ್‌ನಲ್ಲಿ, ಅಂದರೆ ಮಲಗಿ ಹೊಡೆಯುವ ಸ್ಪರ್ಧೆಯಲ್ಲಿ, ಆಗಲೇ ಚಿನ್ನ ಗೆದ್ದಿದ್ದರು. ಮಲಗಿ, ಮಂಡಿಯೂರಿ, ನಿಂತು ಹೊಡೆಯುವ 50 ಮೀಟರ್ ತ್ರೀ ಪೊಸಿಷನ್ ಫೈನಲ್‌ನಲ್ಲೂ ಮುಂದೆ. ಬಾಕಿ ಇದ್ದಿದ್ದು ಒಂದೇ ಗುಂಡು. 3 ಅಂಕದ ಮುನ್ನಡೆ. ಸಾಧಾರಣವಾಗಿ ಹೊಡೆದರೂ ಚಿನ್ನ. ಉಸಿರು ಹಿಡಿದು ಹೊಡೆದರು. ಪರದೆ ಮೇಲೆ ಅಂಕ ಬರಲೇ ಇಲ್ಲ. ಯಂತ್ರ ಕೆಟ್ಟಿತೇನೋ ಅಂದುಕೊಂಡರು. ಅವರು ನಿಂತಿದ್ದು 2ನೇ ಲೇನ್, ಗುಂಡು ಹೋಗಿದ್ದು 3ನೇ ಲೇನಿನ ಗುರಿಗೆ. ಸೊನ್ನೆ. ಚಿನ್ನದ ಜಾಗದಿಂದ ಎಂಟನೆಯ ಜಾಗಕ್ಕೆ. ಚೀನಾದ ಜಿಯಾ ಝಾನ್‌ಬೊಗೆ ಚಿನ್ನ ಹೋಯಿತು.

ಆ ಸಂಜೆ ಬಂದು ಸಮಾಧಾನ ಹೇಳಿದವರು ಜೆಕ್ ದೇಶದ ಶೂಟರ್ ಕಟೆರಿನಾ ಕುರ್ಕೋವಾ. ಅಲ್ಲಿಂದ ಸ್ನೇಹ. 2007ರಲ್ಲಿ ಮದುವೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನ ಮೊಟ್ಟಮೊದಲ ಚಿನ್ನ ಅವರದ್ದೇ, ಮಹಿಳೆಯರ 10 ಮೀಟರ್ ಏರ್ ರೈಫಲ್‌ನಲ್ಲಿ. ಅದೇ ಕೂಟದಲ್ಲಿ ಎರಡು ದಿನ ಆದ ಮೇಲೆ ನಮ್ಮ ಅಭಿನವ್ ಬಿಂದ್ರಾ ಕೊನೆಯ ಗುಂಡಿಗೆ 10.8 ಹೊಡೆದು ಚಿನ್ನ ಗೆದ್ದರು. ಎಮನ್ಸ್ ಪಾಲಿಗೆ ಆ ವರ್ಷವೂ ಕೊನೆಯ ಗುಂಡೇ ಕೈಕೊಟ್ಟಿತು. ತ್ರೀ ಪೊಸಿಷನ್ ಫೈನಲ್‌ನಲ್ಲಿ ಮುನ್ನಡೆಯಲ್ಲಿದ್ದವರಿಗೆ ಬಂದಿದ್ದು 4.4, ಆ ಸ್ಪರ್ಧೆಯಲ್ಲಿ ಪದಕವೇ ಇಲ್ಲ. ಆದರೂ ಬಿಡಲಿಲ್ಲ. 2012ರಲ್ಲಿ ಲಂಡನ್ನಿಗೆ ಬಂದು ಅದೇ ಸ್ಪರ್ಧೆಯಲ್ಲಿ ಕಂಚು ಗೆದ್ದರು. ನನ್ನ ಮಟ್ಟಿಗೆ ಆ ಕಂಚಿನ ಬೆಲೆ ಎಷ್ಟೋ ಚಿನ್ನಗಳಿಗಿಂತ ಜಾಸ್ತಿ.

ಅಂಕಲ್‌ಗೆ ಅಥೆನ್ಸಿನ ಗುಂಡಿನ ವಿಷಯ ಗೊತ್ತಿತ್ತು. ಮದುವೆಯ ವಿಷಯ ಗೊತ್ತಿರಲಿಲ್ಲ. ರೈಫಲ್ ಪೆಟ್ಟಿಗೆ ಮುಚ್ಚುವುದನ್ನು ಬಿಟ್ಟು ಕೂತು ಕೇಳಿದರು.

“ಟೀಚರಮ್ಮ, ಕ್ರಾಸ್ ಫೈರ್ ಅಂದ್ರೆ ಪಕ್ಕದವರ ಗುರಿಗೆ ಹೊಡೆಯೋದು ಅಂತ ನಿಮ್ಮ ಮಕ್ಕಳು ಪರೀಕ್ಷೆಯಲ್ಲಿ ಬರೆದ್ರೆ ಮಾರ್ಕ್ಸ್ ಕೊಡ್ತೀರಾ?”

“ಎಮನ್ಸ್ ಹೆಸರು ಬರೆದರೆ ಒಂದು ಮಾರ್ಕ್ಸ್ ಜಾಸ್ತಿ ಕೊಡ್ತೀನಿ ಅಂಕಲ್.”

“ಹೆಂಡತಿ ಹೆಸರೂ ಬರೆದ್ರೆ?”

“ಎರಡು.”